ಗಿಟಾರ್ ವರ್ಧಕದ ವಾಲ್ವುಗಳೂ ಅವುಗಳ ವಿಶ್ರಾಂತಿ ಪ್ರವಾಹವೂ

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರು ಅಮೆರಿಕದಿಂದ ಹಿಂದಿರುಗುವಾಗ ಹಳೆಯ ಗಿಟಾರ್ ವರ್ಧಕವೊಂದನ್ನು ತಂದಿದ್ದರು. ಗಿಟಾರಿನ ತಂತಿಯ ಕಂಪನದಿಂದ ಹುಟ್ಟುವ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಲೌಡ್‌ಸ್ಪೀಕರನ್ನು ನಡೆಸುವಷ್ಟು ಬಲವುಳ್ಳದ್ದಾಗಿ ಮಾಡುವ ಉಪಕರಣವೇ ವರ್ಧಕ. ಆಂಪ್ಲಿಫೈಯರ್ ಎಂಬ ಹೆಸರು ಎಲ್ಲರಿಗೂ ಪರಿಚಿತವಾದದ್ದು. ಇದರ ಕೊನೆಯ ಹಂತದಲ್ಲಿ ಟ್ರಾನ್ಸಿಸ್ಟರುಗಳಿರಲಿಲ್ಲ. ಹಿಂದಿನ ಕಾಲದ ರೇಡಿಯೊಗಳಲ್ಲಿದ್ದಂಥ ಎರಡು ನಿರ್ವಾತ ನಳಿಗೆಗಳಿದ್ದವು. ನಮ್ಮ ಹಿರಿಯರು ಇವನ್ನು ವಾಲ್ವುಗಳೆಂದು ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯೋಣ.

ಹಳೆಯ ವಾಲ್ವುಗಳನ್ನು ತೆಗೆದು ಹೊಸವನ್ನು ಹಾಕಿದ್ದಾಯಿತು. ನಕ್ಷೆಯಲ್ಲಿ ಹೇಳಿದ್ದ ಋಣ 35 ವೋಲ್ಟುಗಳ ವಿಭವ ಸರಿಯಾಗಿದೆಯೆಂದು ಮೀಟರಿನಿಂದ ಅಳೆದು ನೋಡಿ, ಕೆಲಸ ಮುಗಿಯಿತೆಂದು ಈ ಲೇಖಕನು ಭಾವಿಸಿದನು. ಗಿಟಾರನ್ನು ಯಾರೂ ಮುಟ್ಟಿರಲಿಲ್ಲ. ಲೌಡ್‌ಸ್ಪೀಕರಿನಿಂದ ಸದ್ದೂ ಇರಲಿಲ್ಲ. ಆದರೂ ಹತ್ತು ನಿಮಿಷಗಳೊಳಗಾಗಿ ಒಂದು ವಾಲ್ವಿನೊಳಗಿನ ಲೋಹದ ತಗಡು ಕುಲುಮೆಯಲ್ಲಿಟ್ಟ ಕಬ್ಬಿಣದಂತೆ ಮಂದವಾಗಿ ಕೆಂಪೇರಿತು. ಪಕ್ಕದ ವಾಲ್ವು ಮಾತ್ರ ಮೊದಲಿನಂತೆಯೇ ಕಪ್ಪಾಗಿತ್ತು. ಒಡನೆಯೇ ವಿದ್ಯುತ್ತನ್ನು ನಿಲ್ಲಿಸಿದ್ದರಿಂದ ಹೆಚ್ಚಿನ ಹಾನಿಯಾಗಲಿಲ್ಲ.

ವಿಭವ ಸರಿಯಾಗಿತ್ತು, ಸಂಕೇತವೇ ಇರಲಿಲ್ಲ. ಹಾಗಿದ್ದೂ ವಾಲ್ವು ಸುಡತೊಡಗಿದ್ದೇಕೆ? ಇದಕ್ಕೆ ಉತ್ತರ ದೊರೆಯಬೇಕಾದರೆ ವಾಲ್ವು ಸುಮ್ಮನಿರುವಾಗ ಏನು ಮಾಡುತ್ತಿರುತ್ತದೆ ಎಂಬುದನ್ನು ತಿಳಿಯಬೇಕು.

ಕೆರೆಯ ತೂಬು, ವಾಲ್ವಿನ ಗ್ರಿಡ್ಡು

ಗಾಳಿಯನ್ನು ಹೊರತೆಗೆದ ಗಾಜಿನ ನಳಿಗೆಯ ನಡುವೆ ಕ್ಯಾಥೋಡು ಎಂಬ ಸಣ್ಣ ಲೋಹದ ಕೊಳವೆಯಿದೆ. ಅದರೊಳಗಿನ ತಂತಿಯನ್ನು 6.3 ವೋಲ್ಟುಗಳಿಂದ ಕಾಯಿಸಿದಾಗ, ಕೊಳವೆಯ ಮೇಲಿನ ಆಕ್ಸೈಡು ಲೇಪದಿಂದ ಎಲೆಕ್ಟ್ರಾನುಗಳು ಹೊರಹೊಮ್ಮುತ್ತವೆ. ಕ್ಯಾಥೋಡಿನ ಸುತ್ತಲೂ ಪ್ಲೇಟು ಎಂಬ ತಗಡಿನ ಕವಚವಿದ್ದು, ಅದಕ್ಕೆ ಧನ ವಿಭವವನ್ನು ಕೊಟ್ಟಿರುತ್ತಾರೆ. ಋಣ ವಿದ್ಯುತ್ತುಳ್ಳ ಎಲೆಕ್ಟ್ರಾನುಗಳು ಅದರ ಆಕರ್ಷಣೆಗೆ ಒಳಗಾಗಿ ನಿರ್ವಾತದಲ್ಲಿ ಧಾವಿಸಿ ಪ್ಲೇಟನ್ನು ಸೇರುತ್ತವೆ. ಇಷ್ಟೇ ಆಗಿದ್ದರೆ ಪ್ರವಾಹವನ್ನು ನಮ್ಮ ಇಚ್ಛೆಯಂತೆ ಹೆಚ್ಚು ಕಡಿಮೆ ಮಾಡಲು ಸಾಧ್ಯವಿರುತ್ತಿರಲಿಲ್ಲ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟನು ಇವೆರಡರ ನಡುವೆ ತಂತಿಯ ಜಾಲರಿಯೊಂದನ್ನು ಇರಿಸಿದನು. ಇದೇ ಗ್ರಿಡ್ಡು.

ಕೆರೆಯಲ್ಲಿ ಎಷ್ಟೇ ನೀರಿರಲಿ, ಕಾಲುವೆಗೆ ಎಷ್ಟು ಹರಿಯಬೇಕೆಂಬುದನ್ನು ತೂಬು ನಿರ್ಧರಿಸುತ್ತದೆಯಷ್ಟೆ. ಗ್ರಿಡ್ಡಿನ ಕೆಲಸವೂ ಅಂಥದೇ. ಗ್ರಿಡ್ಡಿಗೆ ಕ್ಯಾಥೋಡಿಗಿಂತ ಋಣವಾದ ವಿಭವವನ್ನು ಕೊಟ್ಟರೆ ಅದು ಎಲೆಕ್ಟ್ರಾನುಗಳನ್ನು ಹಿಂದಕ್ಕೆ ತಳ್ಳುತ್ತದೆ. ಋಣ ವಿಭವ ಹೆಚ್ಚಾದಷ್ಟೂ ತೂಬು ಮುಚ್ಚಿದಂತೆ, ಕಡಿಮೆಯಾದಷ್ಟೂ ತೆರೆದಂತೆ. ಗಿಟಾರಿನಿಂದ ಬಂದ ಸಂಕೇತವು ಈ ವಿಭವವನ್ನು ಏರಿಳಿಸಿದಾಗ ಪ್ಲೇಟಿನ ಪ್ರವಾಹವೂ ಅದಕ್ಕನುಗುಣವಾಗಿ ಏರಿಳಿಯುತ್ತದೆ.

ಆದರೆ ಸಂಕೇತವು ಬರುವುದಕ್ಕೆ ಮೊದಲು ತೂಬು ಎಷ್ಟು ತೆರೆದಿರಬೇಕು? ಈ ಆರಂಭದ ಸ್ಥಿತಿಯನ್ನು ಗೊತ್ತುಪಡಿಸುವ ಋಣ ವಿಭವಕ್ಕೆ ಬಯಾಸು ಎಂದು ಹೆಸರು. ಆ ಸ್ಥಿತಿಯಲ್ಲಿ ವಾಲ್ವಿನಲ್ಲಿ ಹರಿಯುವ ಪ್ರವಾಹವನ್ನು ವಿಶ್ರಾಂತಿ ಪ್ರವಾಹ ಎನ್ನಬಹುದು. ಇವೆರಡೂ ಒಂದೇ ಅಲ್ಲ. ಬಯಾಸು ಕಾರಣ, ವಿಶ್ರಾಂತಿ ಪ್ರವಾಹ ಅದರ ಫಲ. ಈ ಲೇಖನದ ಸಾರವೆಲ್ಲ ಈ ಭೇದದಲ್ಲಿಯೇ ಅಡಗಿದೆ.

ಇಬ್ಬರು ಎಳೆಯುವ ಗರಗಸ

ಮಿತ್ರರು ತಂದಿದ್ದ ವರ್ಧಕದ ಹೆಸರು ಡೀಲಕ್ಸ್ ರಿವರ್ಬ್. ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ದುರಸ್ತಿಯ ಅಂಗಡಿಯನ್ನು ನಡೆಸುತ್ತಿದ್ದ ಲಿಯೊ ಫೆಂಡರನು 1946ರಲ್ಲಿ ತನ್ನ ಹೆಸರಿನ ಸಂಗೀತವಾದ್ಯಗಳ ಕಂಪನಿಯನ್ನು ಸ್ಥಾಪಿಸಿದನು. ಆ ಕಂಪನಿ 1963ರಲ್ಲಿ ಈ ಮಾದರಿಯನ್ನು ಹೊರತಂದಿತು. ಇದರ ಸಾಮರ್ಥ್ಯ ಸುಮಾರು 20 ವಾಟುಗಳು. 6ವಿ6ಜಿಟಿ ಎಂಬ ಜಾತಿಯ ಎರಡು ವಾಲ್ವುಗಳು ಪುಷ್-ಪುಲ್ ಎಂಬ ಕ್ರಮದಲ್ಲಿ ಇದರಲ್ಲಿ ದುಡಿಯುತ್ತವೆ.

ಈ ಕ್ರಮವನ್ನು ತಿಳಿಯಲು ಮರ ಕೊಯ್ಯುವ ಇಬ್ಬರನ್ನು ನೆನೆಯಿರಿ. ಉದ್ದವಾದ ಗರಗಸದ ಎರಡು ತುದಿಗಳನ್ನು ಇಬ್ಬರೂ ಹಿಡಿದಿರುತ್ತಾರೆ. ಒಬ್ಬನು ಎಳೆಯುವಾಗ ಇನ್ನೊಬ್ಬನು ಕೈ ಸಡಿಲಿಸುತ್ತಾನೆ. ಮರುಕ್ಷಣ ಸರದಿ ಬದಲಾಗುತ್ತದೆ. ಇಲ್ಲಿಯೂ ಹಾಗೆಯೇ. ಸಂಕೇತದ ತರಂಗದ ಒಂದು ಅರ್ಧವನ್ನು ಒಂದು ವಾಲ್ವು, ಇನ್ನೊಂದು ಅರ್ಧವನ್ನು ಮತ್ತೊಂದು ವಾಲ್ವು ಮುಖ್ಯವಾಗಿ ಹೊರುತ್ತವೆ. ಇಬ್ಬರ ದುಡಿಮೆಯೂ ನಿರ್ಗಮ ಟ್ರಾನ್ಸ್‌ಫಾರ್ಮರಿನಲ್ಲಿ ಒಂದುಗೂಡಿ ಲೌಡ್‌ಸ್ಪೀಕರನ್ನು ಸೇರುತ್ತದೆ.

ಈಗ ಒಬ್ಬನು ಎಳೆದು ಮುಗಿಸಿದ ಮೇಲೆ, ಇನ್ನೊಬ್ಬನು ಹಿಡಿಯನ್ನು ಬಿಗಿಹಿಡಿಯುವುದಕ್ಕೆ ಒಂದು ಕ್ಷಣ ತಡಮಾಡಿದನೆಂದು ಭಾವಿಸೋಣ. ಗರಗಸ ನಡುವೆ ತಡವರಿಸುತ್ತದೆ. ಬಯಾಸು ಅತಿಯಾಗಿ ಋಣವಾಗಿ, ವಿಶ್ರಾಂತಿ ಪ್ರವಾಹ ತೀರ ಕಡಿಮೆಯಾದಾಗ ಆಗುವುದೂ ಇದೇ. ತರಂಗವು ಶೂನ್ಯವನ್ನು ದಾಟುವ ಪ್ರತಿಯೊಂದು ಸಲವೂ ಎರಡು ವಾಲ್ವುಗಳೂ ಮುಚ್ಚಿದಂತಿರುತ್ತವೆ. ತರಂಗದ ಆಕಾರದಲ್ಲಿ ಅಲ್ಲೊಂದು ಮುರುಕು ಬೀಳುತ್ತದೆ. ಮುರುಕಿನ ಅಗಲ ಹೆಚ್ಚು ಕಡಿಮೆ ನಿಶ್ಚಿತವಾಗಿರುವುದರಿಂದ, ಸಂಕೇತವು ಸಣ್ಣದಾದಷ್ಟೂ ಅದರಲ್ಲಿ ಮುರುಕಿನ ಪಾಲು ದೊಡ್ಡದಾಗುತ್ತದೆ. ಹೀಗಾಗಿ ಮೆಲ್ಲನೆ ಮೀಟಿದ ಸ್ವರಗಳು, ಮತ್ತು ಮೀಟಿದ ಸ್ವರವು ಅಡಗುತ್ತ ಬರುವ ಕೊನೆಯ ಭಾಗ, ಒರಟಾಗಿ ತೆಳುವಾಗಿ ಕೇಳಿಸುತ್ತವೆ. ವಾದಕನ ಕಿವಿ ಇದನ್ನು ಬೇಗನೆ ಗುರುತಿಸುತ್ತದೆ.

ಹಾಗಾದರೆ ಇಬ್ಬರೂ ಸದಾ ಬಿಗಿಯಾಗಿಯೇ ಹಿಡಿದಿರಲಿ, ವಿಶ್ರಾಂತಿ ಪ್ರವಾಹವನ್ನು ಧಾರಾಳವಾಗಿ ಹೆಚ್ಚಿಸೋಣ ಎಂದರೆ, ಅಲ್ಲಿ ಬೇರೊಂದು ಗಂಡಾಂತರ ಕಾದಿದೆ.

ಉಷ್ಣದ ಲೆಕ್ಕ

ಧಾವಿಸಿ ಬಂದ ಎಲೆಕ್ಟ್ರಾನುಗಳು ಪ್ಲೇಟನ್ನು ಬಡಿದಾಗ ಅವುಗಳ ಚಲನಶಕ್ತಿ ಉಷ್ಣವಾಗಿ ಮಾರ್ಪಡುತ್ತದೆ. ಸಂಕೇತವಿಲ್ಲದಿರುವಾಗ ಹೀಗೆ ವ್ಯಯವಾಗುವ ಸಾಮರ್ಥ್ಯವು ಪ್ಲೇಟಿನ ವಿಭವ ಮತ್ತು ಪ್ರವಾಹಗಳ ಗುಣಲಬ್ಧ. ಪ್ರೌಢಶಾಲೆಯಲ್ಲಿ ಕಲಿತ ಸೂತ್ರವೇ ಇಲ್ಲಿಯೂ ಸಾಕು.

6ವಿ6ಜಿಟಿ ವಾಲ್ವಿನ ಪ್ಲೇಟು ತಾಳಬಲ್ಲ ಉಷ್ಣದ ಮಿತಿ 12 ವಾಟುಗಳೆಂದು ಹಳೆಯ ಕೈಪಿಡಿಗಳು ಹೇಳುತ್ತವೆ. ಡೀಲಕ್ಸ್ ರಿವರ್ಬಿನ ನಕ್ಷೆಯಲ್ಲಿ ಪ್ಲೇಟಿನ ವಿಭವ 415 ವೋಲ್ಟುಗಳು. ಹನ್ನೆರಡನ್ನು 415ರಿಂದ ಭಾಗಿಸಿದರೆ ಸುಮಾರು 29 ಮಿಲಿಆಂಪಿಯರುಗಳು ದೊರೆಯುತ್ತವೆ. ಇದು ಮೇರೆ; ಮೇರೆಯಲ್ಲಿಯೇ ನಿಲ್ಲುವುದು ಜಾಣತನವಲ್ಲ. ಸಂಕೇತವು ಬಂದಾಗ ಸರಾಸರಿ ಪ್ರವಾಹ ಹೆಚ್ಚಿ ಪ್ಲೇಟಿನ ಉಷ್ಣವೂ ಹೆಚ್ಚುವುದುಂಟು. ಆದುದರಿಂದ ವಿಶ್ರಾಂತಿಯ ಕಾಲದಲ್ಲಿ ಮಿತಿಯ ಶೇಕಡಾ 70ನ್ನು ಮೀರಬಾರದೆಂದು ತಂತ್ರಜ್ಞರು ಒಂದು ವಾಡಿಕೆಯನ್ನು ಇಟ್ಟುಕೊಂಡಿದ್ದಾರೆ. ಇದು ಪ್ರಕೃತಿಯ ನಿಯಮವಲ್ಲ, ಅನುಭವದಿಂದ ಬಂದ ಎಚ್ಚರಿಕೆ. ಹನ್ನೆರಡರ ಶೇಕಡಾ 70 ಎಂದರೆ 8.4 ವಾಟುಗಳು; 415 ವೋಲ್ಟುಗಳಲ್ಲಿ ಸುಮಾರು 20 ಮಿಲಿಆಂಪಿಯರುಗಳು. ಶೇಕಡಾ 60ಕ್ಕೆ ಇಳಿಸಿದರೆ ಸುಮಾರು 17 ಮಿಲಿಆಂಪಿಯರುಗಳು. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಕಿವಿಗೆ ಬಿಡಬಹುದು. ಮೇಲಿನ ಮೇರೆಯನ್ನು ಮಾತ್ರ ಗಣಿತಕ್ಕೇ ಬಿಡಬೇಕು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಇದೇ ವಾಲ್ವಿನ ಪ್ಲೇಟಿಗೆ ಕೈಪಿಡಿಯು ವಿಧಿಸಿದ್ದ ಗರಿಷ್ಠ ವಿಭವ 315 ವೋಲ್ಟುಗಳು. ಫೆಂಡರನ ವರ್ಧಕವು ಅದನ್ನು ನೂರು ವೋಲ್ಟುಗಳಷ್ಟು ಮೀರಿತ್ತು. ವಿಭವದಲ್ಲಿ ಹೀಗೆ ಸ್ವಾತಂತ್ರ್ಯವನ್ನು ವಹಿಸಿದ ಮೇಲೆ ಪ್ರವಾಹದಲ್ಲಿ ಸಂಯಮವು ಅನಿವಾರ್ಯವಾಗುತ್ತದೆ.

ಮಿತಿಯನ್ನು ಮೀರಿದಾಗ ಪ್ಲೇಟು ಕೆಂಪಾಗುವುದೇಕೆ? ನಿರ್ವಾತದಲ್ಲಿ ಗಾಳಿಯಿಲ್ಲದ್ದರಿಂದ ಸಂವಹನವಿಲ್ಲ. ಆಧಾರದ ಸಣ್ಣ ತಂತಿಗಳ ಮೂಲಕ ಆಗುವ ವಹನವೂ ಅಲ್ಪ. ಪ್ಲೇಟು ತನ್ನ ಉಷ್ಣವನ್ನು ಬಹುಮಟ್ಟಿಗೆ ವಿಕಿರಣದಿಂದಲೇ ಕಳೆದುಕೊಳ್ಳಬೇಕು. ಸ್ಟೆಫಾನನ ನಿಯಮದಂತೆ ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 8.4 ವಾಟುಗಳಲ್ಲಿ ಪ್ಲೇಟಿನ ಉಷ್ಣತೆ 700 ಕೆಲ್ವಿನ್ ಎಂದು ಭಾವಿಸೋಣ. ಸಾಮರ್ಥ್ಯವು 19 ವಾಟುಗಳಿಗೆ ಏರಿದರೆ ಅದು ಸುಮಾರು 2.26ರಷ್ಟಾಯಿತು, ಇದರ ನಾಲ್ಕನೆಯ ಮೂಲ ಸುಮಾರು 1.23. ಹೊಸ ಉಷ್ಣತೆ ಸುಮಾರು 860 ಕೆಲ್ವಿನ್, ಎಂದರೆ 587 ಡಿಗ್ರಿ ಸೆಂಟಿಗ್ರೇಡು. ಘನವಸ್ತುಗಳು ಕಣ್ಣಿಗೆ ಕಾಣುವಂತೆ ಕೆಂಪೇರಲು ತೊಡಗುವುದು ಸುಮಾರು 525 ಡಿಗ್ರಿಯಲ್ಲಿ. ಈ ಗಣನೆ ಸ್ಥೂಲವಾದದ್ದು. ಆದರೂ ಕೆಂಪೇರಿದ ಪ್ಲೇಟು ಮಿತಿಯನ್ನು ಬಹಳವಾಗಿ ಮೀರಿದ ಪ್ಲೇಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಗೆಯೇ ಬಿಟ್ಟರೆ ಲೋಹದೊಳಗೆ ಅಡಗಿದ್ದ ಅನಿಲಗಳು ಹೊರಬಂದು ನಿರ್ವಾತವು ಕೆಡುತ್ತದೆ. ಪ್ರವಾಹ ಇನ್ನೂ ಏರುತ್ತದೆ. ಕೊನೆಗೆ ವಾಲ್ವಿನೊಡನೆ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ವಾಲ್ವು ಹೋದರೆ ಮತ್ತೊಂದು ಸಿಕ್ಕೀತು. ಅರುವತ್ತು ವರ್ಷಗಳ ಹಿಂದಿನ ಟ್ರಾನ್ಸ್‌ಫಾರ್ಮರು ಸಿಕ್ಕುವುದು ದುರ್ಲಭ.

ಅಳೆಯುವ ಬಗೆ

ನಕ್ಷೆಯಲ್ಲಿ ಋಣ 35 ವೋಲ್ಟು ಎಂದು ಬರೆದಿದೆಯಲ್ಲ, ಅಷ್ಟನ್ನು ಕೊಟ್ಟರೆ 20 ಮಿಲಿಆಂಪಿಯರು ತಾನಾಗಿ ಬರಲಾರದೇ ಎಂದು ವಾಚಕರು ಕೇಳಬಹುದು. ಬರಲಾರದು. ಒಂದೇ ಹೆಸರಿನ ಎರಡು ವಾಲ್ವುಗಳಲ್ಲಿ ಗ್ರಿಡ್ಡಿನ ತಂತಿಗಳ ಅಂತರ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅದೇ ಬಯಾಸಿಗೆ ಹರಿಯುವ ಪ್ರವಾಹ ಬೇರೆಯಾಗುತ್ತದೆ. ಹಿಂದೆ ಅಮೆರಿಕದಲ್ಲಿ ಆದ ವಾಲ್ವಿಗೂ ಇಂದು ಸ್ಲೊವಾಕಿಯ, ರಷ್ಯ, ಚೀನ ದೇಶಗಳ ಕಾರ್ಖಾನೆಗಳಿಂದ ಬರುವ ವಾಲ್ವಿಗೂ ಭೇದವಿದೆ. ಆದಕಾರಣ ವಾಲ್ವುಗಳನ್ನು ಬದಲಾಯಿಸಿದಾಗಲೆಲ್ಲ ಅಳೆಯಬೇಕಾದದ್ದು ಪ್ರವಾಹವನ್ನು. ಸಾಧ್ಯವಾದಷ್ಟೂ ಒಂದೇ ಪ್ರವಾಹವನ್ನು ಕೊಡುವ ಜೋಡಿಯನ್ನೇ ಆರಿಸಬೇಕು.

ಇದಕ್ಕೆ ಸರಳವಾದ ಉಪಾಯವುಂಟು. ಪ್ರತಿಯೊಂದು ವಾಲ್ವಿನ ಕ್ಯಾಥೋಡಿಗೂ ಭೂ ಸಂಪರ್ಕಕ್ಕೂ ನಡುವೆ 1 ಓಮ್ ರೋಧಕವನ್ನು ಬೆಸುಗೆ ಹಾಕುತ್ತಾರೆ. ಓಮನ ನಿಯಮದಂತೆ ಅದರ ಎರಡು ತುದಿಗಳ ನಡುವಣ ವಿಭವಾಂತರವು ಎಷ್ಟು ಮಿಲಿವೋಲ್ಟೋ ಕ್ಯಾಥೋಡಿನ ಪ್ರವಾಹ ಅಷ್ಟೇ ಮಿಲಿಆಂಪಿಯರುಗಳು. ಈ ಪ್ರವಾಹದಲ್ಲಿ ಪರದೆ ಗ್ರಿಡ್ಡು ಎಂಬ ಎರಡನೆಯ ಜಾಲರಿಯ ಪಾಲು ಒಂದೆರಡು ಮಿಲಿಆಂಪಿಯರುಗಳಷ್ಟು ಸೇರಿರುತ್ತದೆ. ಅದನ್ನು ಕಳೆದರೆ ಪ್ಲೇಟಿನ ಪ್ರವಾಹ. ಪ್ಲೇಟಿನ ವಿಭವವನ್ನು ಬೇರೆಯಾಗಿ ಅಳೆದು ಗುಣಿಸಿದರೆ ವಾಟುಗಳು ದೊರೆಯುತ್ತವೆ. ಡೀಲಕ್ಸ್ ರಿವರ್ಬಿನೊಳಗೆ ಬಯಾಸನ್ನು ಏರಿಳಿಸುವ ಪುಟ್ಟ ತಿರುಗುಣಿಯೊಂದಿದೆ. ಅದನ್ನು ಸ್ವಲ್ಪ ತಿರುಗಿಸಿ, ಪ್ರವಾಹವನ್ನೂ ವಿಭವವನ್ನೂ ಮತ್ತೆ ಅಳೆಯಬೇಕು. ಪ್ರವಾಹ ಹೆಚ್ಚಿದರೆ ವಿಭವ ತುಸು ಕುಗ್ಗುವುದರಿಂದ, ಒಂದನ್ನು ಮಾತ್ರ ಅಳೆದರೆ ಲೆಕ್ಕ ತಪ್ಪುತ್ತದೆ. ವಾಲ್ವುಗಳು ಚೆನ್ನಾಗಿ ಕಾಯ್ದು ಅಂಕೆಗಳು ನಿಲ್ಲುವವರೆಗೆ ಕಾಯುವ ಸಹನೆಯೂ ಬೇಕು.

ಕೆಂಪೇರಿದ ವಾಲ್ವಿನ ರಹಸ್ಯ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಂದು 1 ಓಮ್ ರೋಧಕಗಳನ್ನು ಹಾಕಿ ಅಳೆದಾಗ ಒಂದು ವಾಲ್ವಿನಲ್ಲಿ ಸುಮಾರು 20, ಕೆಂಪೇರಿದ್ದರಲ್ಲಿ ಸುಮಾರು 46 ಮಿಲಿಆಂಪಿಯರುಗಳು ಕಂಡುಬಂದವು. 415ರಿಂದ ಗುಣಿಸಿದರೆ 19 ವಾಟುಗಳು! ವಾಲ್ವುಗಳನ್ನು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ನೋಡಿದರೆ, ಅದೇ ಸ್ಥಾನದ ವಾಲ್ವೇ ಮತ್ತೆ ಬಿಸಿಯಾಯಿತು. ದೋಷ ವಾಲ್ವಿನದಲ್ಲ, ಸ್ಥಾನದ್ದು.

ಲೇಖಕನು ಋಣ 35 ವೋಲ್ಟನ್ನು ಅಳೆದದ್ದು ಬಯಾಸು ಹುಟ್ಟುವ ಸ್ಥಳದಲ್ಲಿ. ಅಲ್ಲಿಂದ ಗ್ರಿಡ್ಡಿಗೆ ಅದು 220 ಕಿಲೋಓಮ್ ರೋಧಕದ ಮೂಲಕ ಹೋಗಬೇಕು. ಗ್ರಿಡ್ಡಿನಲ್ಲಿಯೇ ಅಳೆದಾಗ ಕಂಡದ್ದು ಋಣ 26 ವೋಲ್ಟುಗಳು ಮಾತ್ರ. ನಡುವೆ 9 ವೋಲ್ಟುಗಳು ಎಲ್ಲಿ ಹೋದವು? ರೋಧಕದಲ್ಲಿ ಪ್ರವಾಹ ಹರಿಯದೆ ವಿಭವ ಇಳಿಯುವುದಿಲ್ಲ. ಒಂಬತ್ತನ್ನು 2,20,000ದಿಂದ ಭಾಗಿಸಿದರೆ ಸುಮಾರು 41 ಮೈಕ್ರೊಆಂಪಿಯರುಗಳು. ಹಿಂದಿನ ಹಂತದಿಂದ ಸಂಕೇತವನ್ನು ತರುವ ಕಂಡೆನ್ಸರೊಂದು ಆ ಸ್ಥಾನದಲ್ಲಿದೆ. ಅದರ ಇನ್ನೊಂದು ಬದಿಗೆ ಇನ್ನೂರು ವೋಲ್ಟಿಗೂ ಮಿಕ್ಕ ಧನ ವಿಭವ. ಕಂಡೆನ್ಸರು ಪರ್ಯಾಯ ಪ್ರವಾಹವನ್ನು ಬಿಟ್ಟು ನೇರ ಪ್ರವಾಹವನ್ನು ತಡೆಯಬೇಕು. ವಯಸ್ಸಾದ ಆ ಕಂಡೆನ್ಸರು ಒಂದಿಷ್ಟನ್ನು ಸೋರಬಿಡುತ್ತಿತ್ತು. ಹತ್ತಾರು ಮೈಕ್ರೊಆಂಪಿಯರುಗಳ ಆ ಸೋರಿಕೆ, ತೂಬನ್ನು ಮೇಲೆತ್ತಿ ಸಾವಿರಾರು ಮೈಕ್ರೊಆಂಪಿಯರುಗಳ ಹೆಚ್ಚಿನ ಪ್ರವಾಹಕ್ಕೆ ದಾರಿಮಾಡಿಕೊಟ್ಟಿತ್ತು. ಕಂಡೆನ್ಸರನ್ನು ಬದಲಾಯಿಸಿದ ಮೇಲೆ ಎರಡೂ ವಾಲ್ವುಗಳು ಸಮವಾದವು.

ತಪ್ಪು ಎಲ್ಲಿತ್ತು? ಕಾರಣವನ್ನು ಅಳೆದು, ಫಲವೂ ಸರಿಯಾಗಿಯೇ ಇರಬೇಕೆಂದು ಊಹಿಸಿದ್ದರಲ್ಲಿತ್ತು.

ಸ್ಥಿರ ಬಯಾಸು, ಸ್ವಯಂ ಬಯಾಸು

ಮೇಲೆ ಹೇಳಿದ ಏರ್ಪಾಡಿಗೆ ಸ್ಥಿರ ಬಯಾಸು ಎಂದು ಹೆಸರು. ವಿಚಿತ್ರವೆಂದರೆ, ಸರಿಪಡಿಸಬೇಕಾಗುವುದು ಈ ಸ್ಥಿರ ಬಯಾಸನ್ನೇ. ಪ್ರತ್ಯೇಕ ಆಕರದಿಂದ ಬರುವ ಈ ವಿಭವವು ವಾಲ್ವು ಏನು ಮಾಡುತ್ತಿದೆಯೆಂಬುದನ್ನು ಲೆಕ್ಕಿಸದೆ ಸ್ಥಿರವಾಗಿರುತ್ತದೆ. ಆಕರದ ಹಳೆಯ ಕಂಡೆನ್ಸರು ಕೆಟ್ಟು ಬಯಾಸು ಇಲ್ಲವಾದರೆ ವಾಲ್ವು ಪೂರ್ಣ ತೆರೆದುಕೊಂಡು ಬೇಗನೆ ನಾಶವಾಗುತ್ತದೆ.

ಸ್ವಯಂ ಬಯಾಸಿನ ರೀತಿ ಬೇರೆ. 1950ರ ದಶಕದ ಫೆಂಡರ್ ಡೀಲಕ್ಸ್ ಎಂಬ ಚಿಕ್ಕ ವರ್ಧಕದಲ್ಲಿ ಗ್ರಿಡ್ಡುಗಳನ್ನು ಭೂವಿಭವದಲ್ಲಿಯೇ ಇಟ್ಟು, ಎರಡು ವಾಲ್ವುಗಳ ಕ್ಯಾಥೋಡುಗಳಿಗೂ ಸೇರಿ 250 ಓಮ್ ರೋಧಕವೊಂದನ್ನು ಹಾಕಿದ್ದರು. ಒಟ್ಟು 80 ಮಿಲಿಆಂಪಿಯರು ಹರಿದರೆ ಕ್ಯಾಥೋಡು 20 ವೋಲ್ಟುಗಳಷ್ಟು ಧನವಾಗುತ್ತದೆ. ಎಂದರೆ ಗ್ರಿಡ್ಡು ಕ್ಯಾಥೋಡಿಗಿಂತ 20 ವೋಲ್ಟುಗಳಷ್ಟು ಋಣ. ಪ್ರವಾಹ ಹೆಚ್ಚಿದರೆ ಬಯಾಸೂ ಹೆಚ್ಚಿ ಅದನ್ನು ತಡೆಯುತ್ತದೆ. ಕಡಿಮೆಯಾದರೆ ಬಯಾಸೂ ತಗ್ಗಿ ಅದಕ್ಕೆ ಎಡೆಗೊಡುತ್ತದೆ. ವಾಲ್ವು ತನ್ನ ಕಡಿವಾಣವನ್ನು ತಾನೇ ಹಿಡಿದಿದೆ. ಆದರೆ ಪ್ಲೇಟಿಗೆ ದೊರೆಯಬೇಕಾದ ವಿಭವದ ಒಂದು ಭಾಗ ಆ ರೋಧಕದಲ್ಲಿಯೇ ಕಳೆದುಹೋಗುತ್ತದೆ. ಹೆಚ್ಚಿನ ಸಾಮರ್ಥ್ಯವನ್ನು ಬಯಸಿದವರು ಸ್ಥಿರ ಬಯಾಸನ್ನು ಆರಿಸಿಕೊಂಡದ್ದು ಇದರಿಂದಲೇ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಈ ಲೇಖನವನ್ನು ಓದಿದ ಮಾತ್ರಕ್ಕೆ ಯಾವ ವಿದ್ಯಾರ್ಥಿಯೂ ಇಂಥ ವರ್ಧಕದ ಮುಚ್ಚಳವನ್ನು ತೆರೆಯಬಾರದು. ಒಳಗೆ ನಾನೂರಕ್ಕೂ ಮಿಕ್ಕ ವೋಲ್ಟುಗಳ ನೇರ ವಿಭವವಿದೆ, ಅದು ಕೊಲ್ಲಬಲ್ಲದು. ಪ್ಲಗ್ಗನ್ನು ಕಿತ್ತ ಮೇಲೆಯೂ ಕಂಡೆನ್ಸರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. 32 ಮೈಕ್ರೊಫ್ಯಾರಡ್ ಕಂಡೆನ್ಸರು 415 ವೋಲ್ಟುಗಳಲ್ಲಿ ಸುಮಾರು 2.8 ಜೂಲುಗಳ ಶಕ್ತಿಯನ್ನು ಹೊಂದಿರುತ್ತದೆ. ಕೇಳಲು ಅಲ್ಪವೆನಿಸಿದರೂ, ಎದೆಯ ಮೂಲಕ ಕ್ಷಣಾರ್ಧದಲ್ಲಿ ಹಾದುಹೋದರೆ ಅದು ಅಲ್ಪವಲ್ಲ. ಬಲ್ಲವರು ಮೊದಲು ಅದನ್ನು ರೋಧಕದ ಮೂಲಕ ಬರಿದುಮಾಡಿ, ಮೀಟರಿನಿಂದ ಖಚಿತಪಡಿಸಿಕೊಳ್ಳುತ್ತಾರೆ. ಉಪಕರಣ ನಡೆಯುತ್ತಿರುವಾಗ ಅಳೆಯಬೇಕಾದರೆ ಒಂದೇ ಕೈಯನ್ನು ಬಳಸುತ್ತಾರೆ. ಹಳೆಯ ಎರಡು ಕಡ್ಡಿಯ ಪ್ಲಗ್ಗನ್ನು ತೆಗೆಸಿ ಭೂ ಸಂಪರ್ಕವುಳ್ಳ ಮೂರು ಕಡ್ಡಿಯ ಪ್ಲಗ್ಗನ್ನು ಹಾಕಿಸುವುದು ಮೊದಲ ಕರ್ತವ್ಯ. ಲೌಡ್‌ಸ್ಪೀಕರನ್ನು ಜೋಡಿಸದೆ ವರ್ಧಕವನ್ನು ನಡೆಸಬಾರದು. ನಿರ್ಗಮ ಟ್ರಾನ್ಸ್‌ಫಾರ್ಮರಿಗೆ ಅದರಿಂದ ಹಾನಿ.

ಅಮೆರಿಕದ ಬಳಕೆಗಾಗಿ ಮಾಡಿದ ಈ ವರ್ಧಕಗಳನ್ನು 117 ವೋಲ್ಟು, 60 ಹರ್ಟ್ಸ್ ವಿದ್ಯುತ್ತಿಗೆ ರಚಿಸಿದ್ದರು. ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತವೆ. ವಿಭವವನ್ನು ಇಳಿಸುವ ಟ್ರಾನ್ಸ್‌ಫಾರ್ಮರನ್ನು ಬಳಸಿದರೂ ಆವರ್ತನ 50 ಹರ್ಟ್ಸ್ ಆಗಿಯೇ ಉಳಿಯುವುದರಿಂದ ಒಳಗಿನ ಟ್ರಾನ್ಸ್‌ಫಾರ್ಮರಿನ ಕಾಂತ ಅಭಿವಾಹವು ಶೇಕಡಾ 20ರಷ್ಟು ಹೆಚ್ಚಿ ಅದು ಹೆಚ್ಚು ಬಿಸಿಯಾಗುತ್ತದೆ. ಬಯಾಸನ್ನು ಸರಿಪಡಿಸುವುದಕ್ಕೆ ಮೊದಲು ಒಳಬರುವ ವಿಭವವನ್ನು ಅಳೆಯಬೇಕಾದ ಕಾರಣವನ್ನು ಕೆಳಗಿನ ಎರಡನೆಯ ಅಭ್ಯಾಸವು ತೋರಿಸುತ್ತದೆ.

ನುಡಿಸುವ ವಾದ್ಯವನ್ನು ಶ್ರುತಿಮಾಡುವಂತೆ, ಅದರ ಧ್ವನಿಯನ್ನು ಹೊರುವ ವಾಲ್ವುಗಳನ್ನೂ ಹದಗೊಳಿಸಬೇಕು. ಸದ್ದಿಲ್ಲದಿರುವಾಗ ಎಷ್ಟು ಪ್ರವಾಹ ಹರಿಯುತ್ತದೆಂಬುದರ ಮೇಲೆ ಸದ್ದಿನ ಗುಣವೂ ವಾಲ್ವಿನ ಆಯುಸ್ಸೂ ನಿಂತಿವೆ. ಅದನ್ನು ಊಹಿಸಬಾರದು, ಅಳೆಯಬೇಕು.

ಅಭ್ಯಾಸ

1. 6ಎಲ್6ಜಿಸಿ ವಾಲ್ವಿನ ಪ್ಲೇಟಿನ ಉಷ್ಣದ ಮಿತಿ 30 ವಾಟುಗಳು. ಪ್ಲೇಟಿನ ವಿಭವ 460 ವೋಲ್ಟುಗಳಿದ್ದರೆ, ಮಿತಿಯ ಶೇಕಡಾ 70ಕ್ಕೆ ಸರಿಯಾದ ವಿಶ್ರಾಂತಿ ಪ್ರವಾಹವೆಷ್ಟು?

2. 117 ವೋಲ್ಟುಗಳಿಗೆ ಬದಲಾಗಿ 124 ವೋಲ್ಟುಗಳು ಒಳಬಂದರೆ, 415 ವೋಲ್ಟಿನ ಪ್ಲೇಟು ಸುಮಾರು ಎಷ್ಟು ವಿಭವಕ್ಕೆ ಏರುತ್ತದೆ? ಆಗ 8.4 ವಾಟುಗಳಿಗೆ ಸಲ್ಲುವ ಪ್ರವಾಹವೆಷ್ಟು?

ಉತ್ತರ: 1. ಸುಮಾರು 46 ಮಿಲಿಆಂಪಿಯರು. 2. ಸುಮಾರು 440 ವೋಲ್ಟು. ಸುಮಾರು 19 ಮಿಲಿಆಂಪಿಯರು.